ಬದಲಾದರೆ ಮಾತ್ರ

ರಂಜನಾ ಕುರ್ಚಿ ಬಿಟ್ಟು ಕೆಳಗಿನ ಮಗ್ಗಗಳತ್ತ ಹೋದಳೋ ಇಲ್ಲವೋ, ಮಲ್ಲಿನಾಥ ಅವಳ ಕಂಪ್ಯೂಟರಿನ ಮುಂದೆ ಕುಳಿತ.

ಬನಹಟ್ಟಿಯ ಈ ಸೀರೆ ಕಾರ್ಖಾನೆಯಲ್ಲಿ ಡಿಸೈನ್ ಬರೆಯುವವನು ಮೊದಲು ಅವನೊಬ್ಬನೇ ಇದ್ದ. ಆಮೇಲೆ ಈ ಹುಡುಗಿ ಬಂದಳು. ಬಂದವಳೇ ಡಿಸೈನುಗಳನ್ನೆಲ್ಲ ಸರ್ವರ್ ಕಂಪ್ಯೂಟರಿಗೆ ಏರಿಸಿದಳು. ಅಲ್ಲಿಯ ಫೈಲು ಬದಲಾದರೆ ಸರ್ವರ್ ತಾನೇ ಮಗ್ಗಗಳನ್ನು ನಿಲ್ಲಿಸಿ, ಹೊಸ ಡಿಸೈನ್ ಕೊಟ್ಟು ಮತ್ತೆ ಓಡಿಸುತ್ತದೆ. ಬದಲಾಗದಿದ್ದರೆ ಮಗ್ಗಗಳ ತಂಟೆಗೇ ಹೋಗುವುದಿಲ್ಲ. ಮಾಲೀಕ ರಾಮಲಿಂಗಪ್ಪ ಬಂದವರಿಗೆಲ್ಲ ಅದನ್ನೇ ತೋರಿಸಿ ಮೀಸೆ ತಿರುವುತ್ತಿದ್ದ. ಮಲ್ಲಿನಾಥನಿಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ಹೊಟ್ಟೆಕಿಚ್ಚು ಎಂದು ಅವನು ಒಪ್ಪುತ್ತಿರಲಿಲ್ಲ, ಅಷ್ಟೇ.

ಇಂದು ಸೊಲ್ಲಾಪುರದ ವ್ಯಾಪಾರಿ ಬರುವವನಿದ್ದ. ಮಗ್ಗದ ಮೇಲಿನ ಸೆರಗು ಅವನಿಗೆ ಹಿಡಿಸಿದರೆ ಹಂಗಾಮೆಲ್ಲ ಅದೇ ಡಿಸೈನು, ಸೀರೆ ಪೆಟ್ಟಿಗೆಯ ಮೇಲೆ ಅದನ್ನು ಬರೆದವರ ಹೆಸರು. ಮಲ್ಲಿನಾಥ ತನ್ನ ಗಿಳಿಗಳ ಸೆರಗನ್ನು ದೀಪಾವಳಿಯಲ್ಲೇ ತೋರಿಸಿದ್ದ. ರಾಮಲಿಂಗಪ್ಪ ಕಣ್ಣೆತ್ತಿಯೂ ನೋಡಿರಲಿಲ್ಲ. ನಿನ್ನೆ ಮಾತ್ರ ಎಲ್ಲರೆದುರು ಹೇಳಿದ್ದ, “ರಂಜನಾ ಆರಿಸಿದ್ದ ಡಿಸೈನು ಮಗ್ಗಕ್ಕ ಏರ್ಲಿ. ಆಕಿ ಕಣ್ಣು ಛಲೋ ಐತಿ.”

ಅವಳಾದರೂ ಸುಮ್ಮನಿದ್ದಳೇ? ಸಂಜೆ ಬಂದು ಮೆತ್ತಗೆ ಕೇಳಿದ್ದಳು, “ಅಣ್ಣಾರ, ನಿಮ್ಮ ಗಿಳಿ ಮೂಗಿಗೆ ಯಾವ ಕೆಂಪು ನೂಲು ಹಾಕಬೇಕಂತಿದ್ರಿ?”

“ನೆನಪಿಲ್ಲ,” ಎಂದಿದ್ದ ಮಲ್ಲಿನಾಥ. ಗೆದ್ದವಳು ಅಣಕಿಸಲು ಬೇರೆ ಬಂದಿದ್ದಾಳೆ! ಇಂದು ಮುಂಜಾನೆಯಿಂದ ಅವನು ಮಗ್ಗಗಳತ್ತ ಕಾಲಿಟ್ಟಿರಲಿಲ್ಲ. ಅವಳು ಬರೆದಿದ್ದ ಮಲ್ಲಿಗೆ ಬಳ್ಳಿಯ ಸೆರಗು ಬಟ್ಟೆಯಾಗುವುದನ್ನು ನೋಡುವುದು ಅವನಿಂದಾಗದು.

ಸರ್ವರಿನಲ್ಲಿ ಅವಳು ಏರಿಸಿದ್ದ ಫೈಲಿನ ಜಾಗಕ್ಕೆ ತನ್ನ ಗಿಳಿಗಳ ಫೈಲು ಹಾಕಿದ. ಕಿವಿಗೊಟ್ಟ. ಕೆಳಗೆ ಮಗ್ಗಗಳ ಸದ್ದು ನಿಲ್ಲಲಿಲ್ಲ. ಪರದೆಯ ಮೇಲೆ ಬಂತು: ಬದಲಾವಣೆ ಇಲ್ಲ.

ಮತ್ತೊಮ್ಮೆ ಹಾಕಿದ. ಬದಲಾವಣೆ ಇಲ್ಲ.

ನನ್ನ ಗಿಳಿಗಳಿಗೇ ಬೀಗ ಹಾಕಿದ್ದಾಳೆ! ಮಲ್ಲಿನಾಥನ ಮೈಯೆಲ್ಲ ಉರಿಯಿತು. ತನ್ನದು ಏರದಿದ್ದರೆ ಅವಳದೂ ಉಳಿಯಬಾರದು. ಬರೀ ಗೀರುಗಳಿದ್ದ ಹಳೆಯ ಫೈಲೊಂದನ್ನು ಹುಡುಕಿ ಅಲ್ಲಿಗೆ ತಳ್ಳಿದ.

ಕೆಳಗೆ ಸದ್ದು ಗಪ್ಪನೆ ನಿಂತಿತು. ಮತ್ತೆ ಶುರುವಾಯಿತು. ಮಲ್ಲಿನಾಥ ಅಂಗಿ ಸರಿಮಾಡಿಕೊಂಡು, ಏನೂ ಅರಿಯದವನಂತೆ ಮೆಟ್ಟಿಲಿಳಿದ.

ವ್ಯಾಪಾರಿ ಆಗಲೇ ಬಂದಿದ್ದ. ಮಗ್ಗ ನಿಲ್ಲಿಸಿದ್ದರು. ರಾಮಲಿಂಗಪ್ಪ ತಲೆ ಕೆರೆದುಕೊಳ್ಳುತ್ತಿದ್ದ. ರಂಜನಾಳ ಕಣ್ಣಲ್ಲಿ ನೀರಿತ್ತು. ಮಲ್ಲಿನಾಥನಿಗೆ ಒಳಗೊಳಗೇ ಖುಷಿಯಾಯಿತು.

“ಏನಾತವ್ವ?”

“ನಿಮಗ ಹೆಂಗ ಮಾರಿ ತೋರಿಸ್ಲಿ, ಅಣ್ಣಾರ,” ಎಂದು ಅವಳು ಪಕ್ಕಕ್ಕೆ ಸರಿದಳು.

ಸೆರಗಿನ ಮೇಲೆ ಅವನದೇ ಗಿಳಿಗಳು ಸಾಲಾಗಿ ಕುತ್ತಿಗೆಯವರೆಗೆ ಮೂಡಿ ನಿಂತಿದ್ದವು, ತಲೆ ಬರಬೇಕಾದಲ್ಲಿ ಬರೀ ಗೀರುಗಳಿದ್ದವು.