ಮೂರನೇ ಹಳಿಯ ಇರುವೆಗಳು

ಮೂರನೇ ಹಳಿಯ ಮೇಲೆ ಇರುವೆಗಳ ಸಾಲು. ಕನ್ನಡಕದಂಗಡಿಯ ಯಜಮಾನರು ಭೂತಗನ್ನಡಿ ಹಿಡಿದು ಬಗ್ಗಿ ನೋಡುತ್ತಿರುವಾಗಲೇ ಬೆನ್ನ ಹಿಂದೆ ಹೆಂಡತಿಯ ದನಿ ಕೇಳಿಸಿತು.

"ಓಹೋ! ಇಲ್ಲಿ ಕೂತ್ಕೊಂಡು ಕದ್ದು ಸಿಹಿ ತಿಂತಿದ್ದೀರಿ ಅನ್ನಿ!"

"ದೇವರಾಣೆ ಕಣೇ, ನಾನು ಮುಟ್ಟಿಲ್ಲ!"

"ಮತ್ತೆ ಇರುವೆಗಳೇನು ರೈಲು ನೋಡೋಕೆ ಬಂದಿದಾವಾ? ಡಾಕ್ಟ್ರು ಅಷ್ಟು ಬಡ್ಕೊಂಡಿದಾರೆ. ಇನ್ನೊಂದು ಸಲ ಇರುವೆ ಕಾಣಿಸ್ಲಿ, ನಿಮ್ಮ ಆಟದ ರೈಲು ಯಾರ್ಡನ್ನ ಹಲಗೆ ಸಮೇತ ಅಟ್ಟಕ್ಕೆ ಹಾಕಿಸ್ತೀನಿ."

ಯಜಮಾನರು ಹಲಗೆಗೆ ಅಡ್ಡ ನಿಂತರು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೇಲೆ ಅವರಿಗೆ ಉಳಿದದ್ದು ಇದೊಂದೇ ಸುಖ: ನಡುಕೋಣೆಯ ತುಂಬ ಹರಡಿದ ಪುಟ್ಟ ರೈಲು, ಅದಕ್ಕೆ ತಿಂಗಳುಗಟ್ಟಲೆ ಕೂತು ಕಟ್ಟಿದ, ವ್ಯಾಗನ್ನು ವಿಂಗಡಿಸುವ ಯಾರ್ಡು. ಹಳಿ ಬಾಗಿಸಿ, ಅಂಟು ಹಚ್ಚಿ, ನಡುವೆ ಸಾಸಿವೆಗಿಂತ ಸಣ್ಣ ಜಲ್ಲಿ ಉದುರಿಸಿ ಮಾಡಿದ್ದು. ವ್ಯಾಗನ್ನುಗಳನ್ನು ಬೇರ್ಪಡಿಸುವುದು, ಜೋಡಿಸುವುದು, ಮತ್ತೆ ಬೇರ್ಪಡಿಸುವುದು. ಇದರಿಂದ ಲೋಕಕ್ಕೇನು ಉಪಯೋಗ ಎಂದು ಮಾತ್ರ ಕೇಳಬಾರದು. ಕೇಳಿದವರ ಜೊತೆ ಯಜಮಾನರು ಮಾತು ಬಿಡುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ಹೆಂಡತಿ ಅಡುಗೆಮನೆಯಿಂದ ಸಿಹಿಯನ್ನು ಗಡೀಪಾರು ಮಾಡಿದ್ದಳು. "ನಿಮಗಿಲ್ಲದ್ದು ನನಗೂ ಬೇಡ" ಎಂದು ತಾನೂ ಬಿಟ್ಟಳು. ನೆಂಟರು ಹೊಗಳಿದ್ದೇ ಹೊಗಳಿದ್ದು. ಯಜಮಾನರಿಗಂತೂ ಕಣ್ಣಲ್ಲಿ ನೀರೇ ಬಂದಿತ್ತು. ಈಗ ಮನೆಯಲ್ಲಿ ಸಿಹಿ ಇದ್ದದ್ದು ಒಂದೇ ಕಡೆ, ಅವಳ ಅಪ್ಪನ ಬೀರುವಿನಲ್ಲಿ. ಎಂಬತ್ತು ದಾಟಿದ ಮಾವನಿಗೆ ಮಂಡಿನೋವೊಂದು ಬಿಟ್ಟರೆ ಯಾವ ಕಾಯಿಲೆಯೂ ಇಲ್ಲ; ಡಬ್ಬಿ ತುಂಬ ಕ್ರೀಮ್ ಬಿಸ್ಕತ್ತು. ಹೆಂಡತಿ ಆ ಕೋಣೆಗೆ ಕಾಲಿಟ್ಟರೆ ಸಾಕು, ಒಂದು ಚೂರು ಸಿಕ್ಕೀತೇನೋ ಎಂದು ಯಜಮಾನರೂ ಬಾಲದಂತೆ ಹಿಂದೆ. ಪಾಪ, ಅವಳು ಹೋಗುವುದನ್ನೇ ಕಡಿಮೆ ಮಾಡಿದ್ದಳು.

ಅಂದಮೇಲೆ ಕಳ್ಳ ಮಾವನೇ! ಕಾರಣವೂ ಇತ್ತು. ನಡುಕೋಣೆ ಮೊದಲು ಮಾವನ ಟಿವಿ ಕೋಣೆ. ಯಾರ್ಡಿಗಾಗಿ ಟಿವಿಯನ್ನೂ ಮಾವನನ್ನೂ ಪಕ್ಕದ ಕೋಣೆಗೆ ಸಾಗಹಾಕಲಾಗಿತ್ತು. ಬಿಸ್ಕತ್ತಿನ ಪುಡಿ ಉದುರಿಸಿ, ಮಗಳ ಕೈಯಿಂದಲೇ ಯಾರ್ಡು ಕೀಳಿಸುವ ಹುನ್ನಾರ ಇದು. ಎಲಾ ಮುದುಕಪ್ಪ!

ಒಂದೇ ಒಂದು ತೊಡಕು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ವಿಂಗಡಿಸುತ್ತಿದ್ದ ಮಾವ ಯಾರ್ಡಿನ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಹುರುಪು ತೋರಿಸಿದ್ದರು. "ಅಳಿಯಂದ್ರೇ, ಇಡೀ ಗಾಡೀನ ಹೊರಗೆಳ್ದು ಹಿಂದಕ್ಕೆ ತಳ್ಳೋಕೆ ಎರಡೂ ತುದೀಲಿ ಉದ್ದ ಹಳಿ ಬೇಡ್ವೇ? ಈ ಕಡೆ ನನ್ನ ಕೋಣೆಗೆ ಬಿಡಿ, ಆ ಕಡೆ ಅಡುಗೆಮನೆಗೆ ಬಿಡಿ" ಎಂದವರೂ ಅವರೇ. ಹೊತ್ತು ಹೋಗಬೇಕಲ್ಲ ಎಂದು ರೈಲು ಓಡಿಸುವ ಗುಂಡಿಯೊಂದನ್ನು ತಮ್ಮ ಮಂಚದ ಪಕ್ಕ ಹಾಕಿಸಿಕೊಂಡಿದ್ದರು. ಗೋಡೆಗೆ ಮೊಳೆ ಹೊಡೆದರೂ ರಂಪ ಮಾಡುವ ಹೆಂಡತಿ, ತೂತು ಕೊರೆಯಲು ಕಮಕ್ ಕಿಮಕ್ ಎನ್ನದೆ ಒಪ್ಪಿದ್ದಳು. ಗಂಡನ ಸಂತೋಷ ಅವಳಿಗೆ ಅಷ್ಟು ಮುಖ್ಯ.

ಮರುದಿನ ಮತ್ತೆ ಇರುವೆ. ಯಜಮಾನರು ಕಣ್ಣು ಮುಚ್ಚಿ ನಿಂತುಬಿಟ್ಟರು. ಹೆಂಡತಿ ನೋಡಿದಳು, ಬಟ್ಟೆ ತಂದು ಒರೆಸಿದಳು.

"ಇದೊಂದು ಸಲ ಬಿಟ್ಟಿದೀನಿ."

ಇನ್ನು ತಡ ಮಾಡಿದರೆ ಯಾರ್ಡು ಅಟ್ಟಕ್ಕೇ. ಊಟವಾದ ಮೇಲೆ ಯಜಮಾನರು ಎಂದಿನಂತೆ ಯಾರ್ಡಿನ ಪಕ್ಕದ ಆರಾಮಕುರ್ಚಿಯಲ್ಲಿ ಒರಗಿದರು. ಬೆಕ್ಕು ನಡೆದರೂ ಎಚ್ಚರಾಗುವ ಅವರಿಗೆ ರೈಲಿನ ಸದ್ದು ಮಾತ್ರ ಜೋಗುಳ. "ಗಾಡಿ ಓಡ್ತಾ ಇರ್ಲಿ ಬಿಡಿ, ನೀವು ಮಲಗಿ" ಎಂದು ಹೆಂಡತಿ ಹೊದಿಕೆ ಹೊದಿಸಿ ಹೋದಳು. ಯಜಮಾನರು ಸುಳ್ಳು ಗೊರಕೆ ಶುರು ಮಾಡಿದರು.

ಸ್ವಲ್ಪ ಹೊತ್ತಿಗೆ ಮಾವನ ಗೋಡೆಯ ತೂತಿನಿಂದ ಎಂಜಿನ್ನು ಇಣುಕಿತು. ಹಿಂದೆ ಬಾಯ್ತೆರೆದ ಕಲ್ಲಿದ್ದಲು ವ್ಯಾಗನ್ನುಗಳು. ಕಲ್ಲಿದ್ದಲಿನ ಬದಲು ಮುರಿದ ಕ್ರೀಮ್ ಬಿಸ್ಕತ್ತು, ತುಂಬಿ ತುಳುಕುವಷ್ಟು. ಗಾಡಿ ಮೂರನೇ ಹಳಿಗೆ ತಿರುಗುವಾಗ ವಾಲಿ ಒಂದಿಷ್ಟು ಪುಡಿ ಉದುರಿತು.

ಸಿಕ್ಕಿಬಿದ್ರಲ್ಲಾ ಮಾವ! ಯಜಮಾನರು ಗೊರಕೆ ನಿಲ್ಲಿಸಿ ಮೆಲ್ಲನೆ ಎದ್ದರು. ಸಾಕ್ಷಿಯನ್ನು ಕೈಯಾರೆ ಹಿಡಿಯಬೇಕು, ಹೆಂಡತಿಯ ಮುಂದಿಟ್ಟು ಯಾರ್ಡನ್ನು ಉಳಿಸಿಕೊಳ್ಳಬೇಕು. ಆದರೆ ಗಾಡಿ ಯಾರ್ಡಿನಲ್ಲಿ ನಿಲ್ಲಲೇ ಇಲ್ಲ. ಅವರ ಕೈ ತಪ್ಪಿಸಿಕೊಂಡು ನೇರ ಅಡುಗೆಮನೆಯ ತೂತಿನೊಳಗೆ ನುಗ್ಗಿತು. ಯಜಮಾನರು ಬಗ್ಗಿ ತೂತಿಗೆ ಕಣ್ಣು ಹಚ್ಚಿದರು.

ಅಲ್ಲಿ ಹೆಂಡತಿ ಎರಡೂ ಕೆನ್ನೆ ಉಬ್ಬಿಸಿಕೊಂಡು ಫೋನಿನಲ್ಲಿ ಪಿಸುಗುಡುತ್ತಿದ್ದಳು: "ಅಪ್ಪಾ, ಮೊದಲ್ನೇ ಗಾಡಿ ಬಂತು. ಇವರ ಗೊರಕೆ ನಿಂತಿದೆ, ಎರಡನೇದು ಈಗ್ಲೇ ಬಿಡ್ಬೇಡ!"