ಓಣಿಯವರು ಕೊಟ್ಟ ನಿದ್ದೆ

ಓಟದ ಹಿಂದಿನ ರಾತ್ರಿ ಕಳವಳಕ್ಕೆ ನಿದ್ದೆ ಹತ್ತದ ಓಟಗಾರ್ತಿಯ ಕೈಹಿಡಿದು, ಓಣಿಯ ಎಂಟು ಮನೆಯವರು ತಮ್ಮ ನಿದ್ದೆಯಲ್ಲಿ ಒಂದೊಂದು ತಾಸು ಕೊಡುವುದು ವಾಡಿಕೆ. ಕೊಟ್ಟದ್ದನ್ನು ಮರಳಿ ಪಡೆಯಲಾಗದು. ಅದು ತೀರುವ ತನಕ ಏಳಲೂ ಆಗದು.

ಬಿಸಿಲೇರಿತ್ತು. ಇವತ್ತು ಓಡಬೇಕಿದ್ದ ಕಸ್ತೂರಿಗೆ ಎಲ್ಲವೂ ಕೇಳುತ್ತಿತ್ತು, ರೆಪ್ಪೆ ಮಾತ್ರ ಬಿಚ್ಚುತ್ತಿರಲಿಲ್ಲ. ಮೈದಾನಕ್ಕೆ ಹೋಗುವ ಜೀಪು ಮತ್ತೆ ಹಾರ್ನ್ ಹೊಡೆಯಿತು.

"ಹೆಚ್ಚಿಗಿ ಕೊಟ್ಟವರು ಯಾರವಾ?" ಅವ್ವ ಕೇಳಿದಳು.

"ಹುಡುಗಿ ಗೆಲ್ಲಲಿ ಅಂತ ನಾನ ಇನ್ನೊಂದು ತಾಸು ಕೊಟ್ಟೆ," ಪಕ್ಕದ ಮನೆಯ ನಿಂಬೆಕ್ಕ ಆಕಳಿಸಿದಳು.

"ನಾನೂ ಕೊಟ್ಟೇನಿ." "ನಾನೂ." ದನಿಗಳು ಹೊಸ್ತಿಲು ದಾಟಿ ಹೋದವು.

ಜೀಪು ಹೊರಟ ಸದ್ದಾಯಿತು. ಅವ್ವ ಬಗ್ಗಿ ಕಿವಿಯಲ್ಲಿ, "ನಂದೂ ಇಡೀ ರಾತ್ರೀ ನಿದ್ದಿ ಅದರಾಗ ಐತಿ, ಮಗಳ," ಎಂದಳು.

ಯಾರ ಮೇಲೂ ಸಿಟ್ಟಾಗುವಂತಿರಲಿಲ್ಲ. ಕಸ್ತೂರಿ ಹೊದಿಕೆಯೊಳಗೆ ಒಂದು ಕಾಲ್ಬೆರಳನ್ನಾದರೂ ಅಲುಗಿಸಲು ನೋಡುತ್ತಲೇ ಇದ್ದಳು.