ಗಾಜಿನ ದೇವರು

ನರಸಿಂಹಸ್ವಾಮಿಯ ಪಾದ ಮುಟ್ಟಲು ಹೋದ ಚನ್ನರಾಯಪ್ಪನ ಬೆರಳು ಗಾಜಿಗೆ ಬಡಿದು ಟಕ್ಕೆಂದಿತು. ಗಾಜಿನ ಹಿಂದೆ ಬಗ್ಗಿ ನೋಡಿದ. ಅಲ್ಲಿ ಗೋಡೆಯಿತ್ತು, ದೇವರಿರಲಿಲ್ಲ.

"ಒಳಗೆ ಹೆಂಗಮ್ಮ ಕೂರಿಸ್ದೆ?"

"ಲೇಸರ್ ಬೆಳಕಲ್ಲಿ ತೆಗೆದಿದ್ದು ದೊಡ್ಡಪ್ಪ. ಹೊಲೊಗ್ರಾಮ್ ಅಂತಾರೆ," ಎಂದಳು ಆದಿಲಕ್ಷ್ಮಿ, ನೆಲ ನೋಡುತ್ತ. ಮನೆದೇವರ ಬಳಪದ ಕಲ್ಲಿನ ವಿಗ್ರಹವನ್ನು ಬೆಂಗಳೂರಿನ ಕಾಲೇಜಿಗೆ ಒಯ್ದು, ಉಸಿರಾಡಿದರೂ ಅಲುಗೀತೆಂದು ಉಸಿರು ಬಿಗಿಹಿಡಿದು ತೆಗೆದ ಚಿತ್ರ. ಸೋಮವಾರ ಕಲಾಪ್ರದರ್ಶನಕ್ಕೆ ಹೋಗಬೇಕಿತ್ತು. ನಾಲ್ಕು ಜನಕ್ಕೆ ತೋರಿಸಬೇಕೆಂದು ಅವಳು ಮಾಡಿದ್ದು ಅದೊಂದೇ.

ಅವಳಪ್ಪ ಶ್ರೀನಿವಾಸಪ್ಪನ ಯೋಚನೆಯೇ ಬೇರೆ. ಹೊಲ, ಹಸು, ಹಿಪ್ಪುನೇರಳೆ ತೋಟ ಎಲ್ಲ ಅಣ್ಣತಮ್ಮಂದಿರಲ್ಲಿ ಭಾಗವಾಗಿತ್ತು. ದೇವರೊಬ್ಬ ಉಳಿದಿದ್ದ.

"ಕಲ್ಲಿಂದು ನೀನಿಟ್ಕೋ ಅಣ್ಣ. ಗಾಜಿಂದು ನಂಗಿರ್ಲಿ."

"ಓಹೋ. ಹೊಳೆಯೋನು ನಿಂಗೆ, ಮಸಿ ಹಿಡಿದೋನು ನಂಗಾ?"

"ತವರಿನ ದೇವ್ರು, ನಂಗೂ ಪಾಲು ಬೇಡ್ವಾ?" ಎಂದು ಸೋದರತ್ತೆ ಆಂಜಿನಮ್ಮನೂ ಅಡುಗೆಮನೆಯಿಂದ ಬಂದಳು.

ಮೂರು ಜೊತೆ ಕೈ ಗಾಜನ್ನು ಹಿಡಿದೆಳೆದವು. ಆದಿಲಕ್ಷ್ಮಿ ನಡುವೆ ಕೈ ಅಡ್ಡ ಹಾಕಿದಳು.

"ಎಳೀಬೇಡಿ, ಒಡೆದೋಗುತ್ತೆ."

"ಒಡೆದ್ರೆ ಏನಾಗುತ್ತೆ?" ಎಂದ ದೊಡ್ಡಪ್ಪ.

ಸುಳ್ಳು ಹೇಳಲು ಅವಳಿಗೆ ಬರಲಿಲ್ಲ. "ಎಷ್ಟು ಚೂರಾದ್ರೂ, ಒಂದೊಂದು ಚೂರಲ್ಲೂ ಪೂರ್ತಿ ದೇವ್ರೇ ಕಾಣ್ತಾನೆ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

ಮೂವರೂ ಮುಖ ಮುಖ ನೋಡಿಕೊಂಡರು. ಇಂಥ ಆಸ್ತಿ ಅವರ ವಂಶದಲ್ಲೇ ಬಂದಿರಲಿಲ್ಲ. ಅತ್ತೆ ಕರ್ಪೂರ ಹಚ್ಚಿದಳು, ಅಪ್ಪ ಗುಂಡುಕಲ್ಲು ತಂದ, ದೊಡ್ಡಪ್ಪ ಕೆನ್ನೆ ಕೆನ್ನೆ ಬಡಿದುಕೊಂಡು ಒಂದೇಟು ಹಾಕಿದ.

ದೊಡ್ಡ ಚೂರುಗಳನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಒಂದೊಂದೇ ಕಣ್ಣಿಟ್ಟು ಇಣುಕಿದರು.

"ಅವ್ನೆ."

"ನಂದ್ರಲ್ಲೂ ಅವ್ನೆ."

"ನಂದ್ರಲ್ಲಿ ವಸಿ ಓರೆಯಾಗವ್ನೆ, ಆದ್ರೂ ಪೂರ್ತಿ ಅವ್ನೆ," ಎಂದಳು ಅತ್ತೆ.

ಆಮೇಲೆ ಕೆಳಗೆ ನೋಡಿದವರೇ ಮಂಚ ಹತ್ತಿ ಕಾಲು ಮೇಲೆತ್ತಿಕೊಂಡರು. ನೆಲದ ತುಂಬ ಪುಡಿ ಚೂರು, ಚೂರು ಚೂರಲ್ಲೂ ನರಸಿಂಹಸ್ವಾಮಿ. ಆದಿಲಕ್ಷ್ಮಿ ಪೊರಕೆ ಎತ್ತಿದರೆ ಅತ್ತೆ ಗದರಿದಳು: "ಪೊರಕೆ ತಾಗಿಸ್ತೀಯೇನೇ ದೇವರಿಗೆ?" ಅವಳು ಕೂತು, ಒಂದೊಂದನ್ನೇ ಕೈಯಲ್ಲಿ ಆರಿಸಿ ಮೊರಕ್ಕೆ ಹಾಕಿದಳು. ಬೆರಳಿನಿಂದ ರಕ್ತ ಜಿನುಗಿತು. ಯಾರೂ ನೋಡಲಿಲ್ಲ.

"ಕಲ್ಲಿಂದು ಯಾರಿಗೆ?" ಎಂದಳು ಕೊನೆಗೆ.

ತನ್ನ ಚೂರನ್ನು ಟವೆಲಿನಲ್ಲಿ ಸುತ್ತುತ್ತಿದ್ದ ದೊಡ್ಡಪ್ಪ, ಕಲ್ಲಿನ ವಿಗ್ರಹವಿದ್ದ ಗೋಡೆಗೂಡಿನ ಕಡೆ ತಿರುಗಿಯೂ ನೋಡಲಿಲ್ಲ.

"ನೀನೇ ಇಟ್ಕೋ ಕಣಮ್ಮ. ಒಡೆದ್ರೆ ಒಡೆದೇ ಹೋಗೋ ದೇವ್ರು. ಅದನ್ಯಾರು ಭಾಗ ಕೇಳ್ತಾರೆ?"